ಮನೆಯಿಂದ ತಂದ ಗಂಟೆ

ಬೆಳಿಗ್ಗೆ ಹತ್ತೂವರೆಗೆ, ಹತ್ತನೇ ತರಗತಿಯ ಮೇಜಿನ ಮೇಲಿದ್ದ ಕರೆಗಂಟೆ ಬಡಿಯಲಿಲ್ಲ. ವಿಜ್ಞಾನದ ಟೀಚರ್ ಗುಂಡಿಯನ್ನು ಇನ್ನೊಮ್ಮೆ ಒತ್ತಿದಳು. ಊಹೂಂ.

"ಮೇಡಂ, ಗಂಟೆಗೂ ಇವತ್ತು ರಜಾ," ಎಂದಿತು ಹಿಂದಿನ ಬೆಂಚು.

"ರಜಾ ಚೀಟಿ ಎಲ್ಲಿಟ್ಟಿದೆ ನೋಡೋಣ, ಇರು," ಎಂದಳು.

ಆ ಗಂಟೆ ಶಾಲೆಯದಲ್ಲ. ಅಂಗಡಿಗಳಲ್ಲಿ ಈಗ ಸಿಗುವುದು ಹಕ್ಕಿಯಂತೆ ಕೂಗುವ ಪ್ಲಾಸ್ಟಿಕ್ ಡಬ್ಬಿಗಳು. ಬಿಚ್ಚಿದರೂ ಮಕ್ಕಳಿಗೆ ತೋರಿಸಲು ಒಳಗೆ ಏನೂ ಇರುವುದಿಲ್ಲ. ಇದು ಅವಳ ತವರುಮನೆಯ ಬಾಗಿಲಿನದು. ಸುಟ್ಟ ಮೋಟರುಗಳಿಗೆ ತಾಮ್ರದ ತಂತಿ ಸುತ್ತುವ ಅಂಗಡಿ ಇಟ್ಟಿದ್ದ ಅಪ್ಪ, ಇದರ ಎರಡೂ ಸುರುಳಿಗಳನ್ನು ತಾವೇ ಸುತ್ತಿದ್ದರು. ಹೋದ ವಾರ ಕೇಳಿದಾಗ, "ಹಳೇ ಸಾಮಾನು, ಮುಟ್ಟಬೇಡ" ಎಂದಿದ್ದರು. ಹಾಗಾಗಿ ಇವತ್ತು ಅವರು ಸ್ನಾನಕ್ಕೆ ಹೋದ ಹೊತ್ತು ನೋಡಿ ಅಮ್ಮ ಸ್ಟೂಲು ಹಿಡಿದು ನಿಂತಿದ್ದಳು, ಮಗಳು ಬಿಚ್ಚಿಕೊಂಡಿದ್ದಳು.

"ಸಂಜೆಯೊಳಗೆ ತಂದು ಹಾಕಿಬಿಡು," ಎಂದಿದ್ದಳು ಅಮ್ಮ. "ಅವನು ಬಂದ್ರೆ ಸಂಜೆ ಬಸ್ಸಿಗೇ ಬರೋದು."

ಅವನು ಎಂದರೆ ತಮ್ಮ. ಮೂರು ವರ್ಷದ ಹಿಂದೆ, ತಂತಿ ಸುತ್ತುತ್ತ ಮುದುಕನಾಗಲಾರೆ ಎಂದ. ಹಾಗಾದರೆ ಈ ಹೊಸಲು ತುಳಿಯಬೇಡ ಎಂದರು ಅಪ್ಪ. ಮಾತಿಗೆ ಮಾತು ಬೆಳೆದು ಅವನು ಹೊರಟೇಹೋದ. ಫೋನ್ ನಂಬರೂ ಬದಲಾಯಿತು. ಎಲ್ಲೋ ದುಡಿಯುತ್ತಿದ್ದಾನೆ ಎಂಬ ಸುದ್ದಿಯಷ್ಟೇ ಅವರಿವರ ಬಾಯಿಂದ ಬರುತ್ತಿತ್ತು.

ತರಗತಿಯಲ್ಲಿ ಅವಳು ಈಗ ಬ್ಯಾಟರಿಯ ತಂತಿಗಳನ್ನು ನೇರವಾಗಿ ಸುರುಳಿಗೇ ತಾಗಿಸಿದಳು. ಗಂಟೆಯ ಬಟ್ಟಲಿಗೆ ಬಡಿಯುವ ಕಬ್ಬಿಣದ ಪಟ್ಟಿ ಟಕ್ಕೆಂದು ಅದರತ್ತ ವಾಲಿತು. ತಂತಿ ತೆಗೆದಳು, ಪಟ್ಟಿ ಹಿಂದಕ್ಕೆ ಹೋಯಿತು.

"ಕರೆಂಟ್ ಇರೋವರೆಗೂ ಕಾಂತ. ಕರೆಂಟ್ ಹೋದ್ರೆ ಬರೀ ಕಬ್ಬಿಣ. ಅಂದ್ರೆ ಸುರುಳಿ ಚೆನ್ನಾಗಿದೆ. ತೊಂದರೆ ಬೇರೆಲ್ಲೋ ಇದೆ."

ಪಟ್ಟಿ ಹಿಂದಕ್ಕೆ ಹೋಗಿ, ಕರೆಂಟು ಹಾಯಿಸುವ ಸ್ಕ್ರೂವಿನ ತುದಿಗೆ ತಾಗುವ ಜಾಗದಲ್ಲಿ ಅದು ಸಿಕ್ಕಿತು. ಉಗುರಿನಷ್ಟು ಅಗಲದ, ಎರಡಾಗಿ ಮಡಿಸಿದ ಗಟ್ಟಿ ಕಾಗದ. ನೋಡಿದ ಕೂಡಲೇ ಗುರುತು ಹತ್ತಿತು: ಮೋಟರಿನ ತಂತಿ ಕಬ್ಬಿಣಕ್ಕೆ ತಾಗದಿರಲೆಂದು ಅಪ್ಪ ನಡುವೆ ಹಾಸುತ್ತಿದ್ದ ಕಾಗದ. ಅಂಚು ಕತ್ತರಿಯಲ್ಲಿ ಕತ್ತರಿಸಿದ್ದು. ತಾನಾಗಿ ಬಂದು ಬಿದ್ದದ್ದಲ್ಲ.

ಅವಳು ಅದನ್ನು ಎಳೆದು ತೆಗೆದು ಗುಂಡಿ ಒತ್ತಿದಳು. ಗಂಟೆ ಪಕ್ಕದ ತರಗತಿಗೂ ಕೇಳುವಂತೆ ಬಡಿದುಕೊಂಡಿತು.

"ಮೇಡಂ," ಎಂದಳು ಮುಂದಿನ ಬೆಂಚಿನ ಹುಡುಗಿ, "ಕಾಂತ ಎಳೆದ ಕೂಡ್ಲೇ ಪಟ್ಟಿ ಸ್ಕ್ರೂ ಬಿಟ್ಟು ಬರುತ್ತೆ. ಆಗ ಕರೆಂಟೇ ಕಟ್ಟಾಗುತ್ತೆ. ಹತ್ರ ಎಳೆದು ತಾನೇ ಕೆಡಿಸಿಕೊಳ್ಳುತ್ತಲ್ಲ?"

"ಕೆಡಿಸಿಕೊಂಡ್ರೇನೇ ಸರಿ. ಪಟ್ಟಿ ವಾಪಸ್ ಹೋಗಿ ಸ್ಕ್ರೂಗೆ ತಾಗುತ್ತೆ, ಮತ್ತೆ ಕರೆಂಟು, ಮತ್ತೆ ಎಳೆತ. ಹಿಡಿದುಕೊಂಡೇ ಇದ್ದಿದ್ರೆ ಒಂದೇ ಏಟು, ಆಮೇಲೆ ಸದ್ದಿಲ್ಲ."

ಕಾಗದವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡಳು. ಹೊಸಲು ತುಳಿಯಬೇಡ ಎಂದವರು ಗಂಟೆಯ ಬಾಯನ್ನೂ ಕಟ್ಟಿದ್ದರು.

ಸಂಜೆ ಸ್ಕೂಟರ್ ನಿಲ್ಲಿಸಿ ಮೆಟ್ಟಿಲು ಹತ್ತುವುದರೊಳಗೆ, ಎಂದಿನಂತೆ, ಅಪ್ಪನೇ ಬಾಗಿಲು ತೆಗೆದರು. ಪೇಪರ್ ಓದಲು ಬೆಳಕು ಸಾಲದೆಂದು ಅವರು ಕುರ್ಚಿಯನ್ನು ಬಾಗಿಲ ಪಕ್ಕಕ್ಕೆ ತಂದು ಬಹಳ ಕಾಲವಾಗಿತ್ತು. ಯಾರೇ ಬಂದರೂ ಗುಂಡಿಗೆ ಕೈ ಹಾಕುವ ಮೊದಲೇ ಬಾಗಿಲು ತೆರೆದಿರುತ್ತಿತ್ತು. "ನಿಮ್ಮಪ್ಪನಿಗೆ ವಾಚ್‌ಮನ್ ಕೆಲಸ ಸಿಕ್ಕಿದೆ, ಸಂಬಳ ಮಾತ್ರ ಇಲ್ಲ" ಎಂದು ಅಮ್ಮ ಹಾಸ್ಯ ಮಾಡುವುದಿತ್ತು.

ಅಮ್ಮ ಹಿತ್ತಲಲ್ಲಿ ಒಣಬಟ್ಟೆ ತೆಗೆಯುತ್ತಿದ್ದಳು. ಮಗಳು ಕರವಸ್ತ್ರ ಬಿಚ್ಚಿ ತೋರಿಸಿದಳು.

"ಏನಪ್ಪಾ ಇದು?"

ಅಪ್ಪ ಕಾಗದ ನೋಡಿದರು. ಹಿತ್ತಲ ಕಡೆ ನೋಡಿದರು. "ಮೆಲ್ಲಗೆ ಮಾತಾಡು. ಪೇಪರಿನವನು, ಗ್ಯಾಸಿನವನು, ಯಾರು ಒತ್ತಿದ್ರೂ ನಿಮ್ಮಮ್ಮ ಓಡ್ತಿದ್ಲು. ಒಲೆ ಮೇಲೆ ಹಾಲಿರಲಿ, ಕೈಯಲ್ಲಿ ಸೋಪಿರಲಿ. ಬಾಗಿಲು ತೆಗೆದು ಬಂದವರ ಮುಖ ನೋಡಿದ್ಮೇಲೆ ಅರ್ಧ ದಿನ ಮಾತಿಲ್ಲ. ಅದನ್ನ ಎಷ್ಟು ಸಲ ನೋಡಲಿ?"

"ಅದಕ್ಕೆ? ಅವನು ಬಂದು ಒತ್ತಿ ಒತ್ತಿ, ಇವರಿಗೆ ನಾನು ಬೇಡ ಅಂತ ವಾಪಸ್ ಹೋಗಿದ್ರೆ?"

"ಹೇಗೆ ಹೋಗ್ತಾನೆ?" ಅಪ್ಪ ಕುರ್ಚಿಯ ತೋಳಿನ ಮೇಲೆ ಕೈಯಿಟ್ಟರು. "ನಾನು ಇಲ್ಲೇ ಇರ್ತೀನಲ್ಲ."

ಅವಳು ಕುರ್ಚಿಯನ್ನು ನೋಡಿದಳು. ಅದರ ಕಾಲುಗಳು ನೆಲದ ಮೇಲೆ ಗೀರು ಮೂಡಿಸಿದ್ದವು.

"ಸ್ನಾನಕ್ಕೆ ಹೋದಾಗ?"

"ಬೇಗ ಮುಗಿಸ್ತೀನಿ."

"ಇವತ್ತು ಅಷ್ಟರಲ್ಲೇ ನಾನು ಗಂಟೇನೇ ಬಿಚ್ಚಿಕೊಂಡು ಹೋದೆ."

ಅಪ್ಪ ಗಂಟೆಗಾಗಿ ಕೈ ಚಾಚಿದರು. ಸ್ಕ್ರೂವಿನ ಕಪ್ಪಾದ ತುದಿಯನ್ನು ಸ್ಯಾಂಡ್‌ಪೇಪರ್ ಚೂರಿನಿಂದ ಹೊಳೆಯುವವರೆಗೆ ಉಜ್ಜಿದರು. ಸ್ಟೂಲು ಹತ್ತಿ ಗಂಟೆಯನ್ನು ಮೊದಲಿದ್ದಲ್ಲೇ ಕೂರಿಸಿದರು. ಕಾಗದ ಅವಳ ಕೈಯಲ್ಲೇ ಉಳಿಯಿತು.

"ಹೊರಗೆ ಹೋಗಿ ಒತ್ತು."

ಅವಳು ಹೊರಗೆ ಹೋಗಿ ಬಾಗಿಲೆಳೆದುಕೊಂಡು ಒತ್ತಿದಳು. ಒಳಗೆ ಗಂಟೆ ಬಡಿಯಿತು. ಬಕೆಟ್ಟಿಗೆ ಕಾಲು ತಾಗಿದ ಸದ್ದು, ಹಿಂದೆಯೇ ಓಡುವ ಹೆಜ್ಜೆ. "ಅವಳೇ ಕಣೇ, ಸುಮ್ನೆ ಪರೀಕ್ಷೆಗೆ," ಎಂದು ಅಪ್ಪ ಹೇಳಿ ಮುಗಿಸುವ ಮೊದಲೇ ಬಾಗಿಲು ತೆರೆಯಿತು.

ಅಮ್ಮನ ಹೆಗಲ ಮೇಲೆ ಒಣಬಟ್ಟೆ ಹಾಗೇ ಇತ್ತು. ಮಗಳನ್ನು ನೋಡಿದಳು. ಮಗಳ ಹಿಂದಿನ ಬೀದಿಯನ್ನೂ ನೋಡಿದಳು.

"ನೀನಾ," ಎಂದಳು. "ಚೆನ್ನಾಗಿ ಬಡಿಯುತ್ತೆ."

ಸಂಜೆಯ ಬಸ್ಸು ಹೊತ್ತಿಗೆ ಸರಿಯಾಗಿ ಬಂದು ಹೋಯಿತು. ಅಪ್ಪ ಕುರ್ಚಿಯನ್ನು ಬಾಗಿಲ ಪಕ್ಕದಿಂದ ಸರಿಸಲಿಲ್ಲ.