ಎದೆಮಟ್ಟದ ಗೋಡೆ

ಹಳೇಬೀಡಿನ ಗುಡಿಗೆ ಬಂದವರೆಲ್ಲ ಕತ್ತೆತ್ತಿಯೋ ಬಗ್ಗಿಯೋ ಶಿಲ್ಪ ನೋಡಿದರೆ, ನನ್ನ ಗೆಳೆಯ, ವಕೀಲ ಉಮಾಶಂಕರ್ ಮಾತ್ರ ನೆಟ್ಟಗೆ ನಿಂತು ತಮ್ಮ ಎದೆಯ ಎತ್ತರಕ್ಕೆ ಏನಿದೆಯೋ ಅಷ್ಟನ್ನೇ ನೋಡುತ್ತಾರೆ. ಗೋಲಿಬಾರ್ ನಡೆದ ಊರುಗಳಲ್ಲಿ ಸತ್ಯಶೋಧನೆಗೆಂದು, ಗೋಡೆಗಳ ಮೇಲೆ ಗುಂಡಿನ ಗುರುತು ಹುಡುಕುತ್ತ ಅಲೆದಲೆದು ಅಂಟಿಸಿಕೊಂಡ ಚಾಳಿ ಅದು. ಅರಸೀಕೆರೆಯ ಬಸ್ ಸ್ಟ್ಯಾಂಡಿನಲ್ಲೂ ಗೋಡೆಗೆ ಅಂಗೈಯಿಟ್ಟು, ಅದೇ ಕೈಯನ್ನು ಮಾಸಿದ ಕರಿಕೋಟಿನ ಎದೆಯ ಮೇಲಿಟ್ಟು ಎತ್ತರ ಅಳೆದುಕೊಂಡು, ಸ್ವಪ್ನದಲ್ಲಿ ನಡೆಯುವವರಂತೆ ಮುಂದೆ ಸಾಗುವ ಈ ಮನುಷ್ಯನನ್ನು ಕಂಡು ನಾನೆಷ್ಟೋ ಸಲ ನಕ್ಕಿದ್ದೇನೆ.

ನಮ್ಮ ಸೀಮೆಯ ಒಂದು ಪೇಟೆಯಲ್ಲಿ, ಕೊಬ್ಬರಿ ಬೆಲೆಗಾಗಿ ರಸ್ತೆ ತಡೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದಾಗ, ಗುರುಸಿದ್ದಮ್ಮನವರ ಮಗ ಶಶಿಕಿರಣ್ ತಮ್ಮದೇ ಅಂಗಡಿಯ ಗೋಡೆಗೊರಗಿ ಸತ್ತ. ಆಕಾಶಕ್ಕೆ ಹಾರಿಸಿದ್ದು, ಅಚಾತುರ್ಯವಾಯಿತು ಎಂಬ ಹೇಳಿಕೆ ಬಂತು. ಹುಡುಗನ ಮೈ ಹಾದ ಗುಂಡು ಗೋಡೆ ಹೊಕ್ಕಿತ್ತು. ಹೊಕ್ಕ ಎತ್ತರ ತೋರಿಸಿದರೆ ಆ ಹೇಳಿಕೆ ನಿಲ್ಲುತ್ತಿರಲಿಲ್ಲ. ಮಹಜರು ಬರೆದವರು ಗೋಡೆಯತ್ತ ನೋಡಲೇ ಇಲ್ಲ. ತಾಯಿಯೋ, ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಆ ತೂತಿಗೆ ಒದ್ದೆ ವಿಭೂತಿ ಮೆತ್ತಿ ಮೆತ್ತಿ, ಅದರ ಗುರುತೇ ಬಿಳುಪಿನಲ್ಲಿ ಮುಚ್ಚಿಹೋಗಿತ್ತು.

ಕೇಸು ಹಿಡಿದ ಉಮಾಶಂಕರ್ ಜೊತೆ ನಾನೂ ಆ ಅಂಗಡಿಗೆ ಹೋಗಿದ್ದೆ. "ಕೆರೆದು ಫೋಟೋ ತಗೊಳ್ರೀ" ಎಂದು ಅವರ ಕಿವಿಯಲ್ಲಿ ಪಿಸುಗುಟ್ಟಿದೆ.

"ಆ ತಾಯಿಗೆ ಅದು ಮಗನ ಹಣೆ ಕಣ್ರೀ" ಎಂದವರೇ ಉಮಾಶಂಕರ್ ಕಾಫಿ ಕುಡಿದು ಎದ್ದುಬಿಟ್ಟರು. ಬಾಣಾವರದ ಬಸ್ಸಿನಲ್ಲಿ ನನಗೆ ಮೈಯೆಲ್ಲ ಉರಿ. ವಿಚಾರಣೆಯ ದಿನ ಹತ್ತಿರ ಬಂದಿದೆ, ಈ ಪುಣ್ಯಾತ್ಮ ಕಿಟಕಿಗೆ ತಲೆಯಾನಿಸಿ, ಇಳಿಬಿಸಿಲಿನಲ್ಲಿ ತೇಲಿಹೋಗುವ ತೆಂಗಿನ ತೋಟಗಳನ್ನು ನೋಡುತ್ತ ಕೂತಿದ್ದಾರೆ! ಆಮೇಲೂ ನನ್ನನ್ನು ಕರೆದುಕೊಂಡು ಆ ಅಂಗಡಿಗೆ ಮತ್ತೆ ಮತ್ತೆ ಹೋದರು. ಗುಂಡಿನ ಮಾತೆತ್ತಲಿಲ್ಲ. ಒಂದು ದಿನ, ಶಶಿಕಿರಣ್ ಎಷ್ಟು ಎತ್ತರವಿದ್ದ ಎಂದಷ್ಟೇ ಕೇಳಿದರು.

ಗುರುಸಿದ್ದಮ್ಮ ಎದ್ದು ಬಂದರು. "ನಿಮ್ಮಷ್ಟೇ ಇದ್ದ. ಅಲ್ಲಿ ನಿಂತ್ಕಳಿ." ಗೋಡೆಗೆ ಬೆನ್ನು ಕೊಟ್ಟು ನಿಂತವರ ಕೋಟಿನ ಎದೆಯ ಮೇಲೆ ಬೆರಳಿಟ್ಟು, ಆಮೇಲೆ ಅವರನ್ನು ಪಕ್ಕಕ್ಕೆ ಸರಿಸಿ, ಅದೇ ಮಟ್ಟದಲ್ಲಿ ತಾವೇ ಉಗುರಿನಿಂದ ವಿಭೂತಿ ಕೆರೆದರು. ಉದುರಿದ್ದನ್ನು ಸೆರಗಿನಲ್ಲಿ ಹಿಡಿದು ಹಣೆಗಿಟ್ಟುಕೊಂಡರು. ತೂತು ಕಂಡಿತು.

"ಆಕಾಶಕ್ಕೆ ಹೊಡೆದ್ರಂತಲ್ಲ ಸ್ವಾಮಿ, ನಮ್ಮೂರಾಗೆ ಆಕಾಶ ಇಷ್ಟು ಕೆಳಗೈತಾ?"

ಉಮಾಶಂಕರ್ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡರು. ಅವರನ್ನು ನೋಡಿ ನಾನು ಮತ್ತೆಂದೂ ನಕ್ಕಿಲ್ಲ.

ವಿಚಾರಣೆ ಇನ್ನೂ ನಡೆಯುತ್ತಿದೆ. ತೀರ್ಪು ಏನಾಗುವುದೋ ತಿಳಿಯದು. ಆದರೆ ಸತ್ತವನು ನಿಂತ ಜಾಗದಲ್ಲಿ ತಾವೂ ಒಮ್ಮೆ ನಿಂತು ನೋಡುವ ಇಂಥವರು ನಮ್ಮ ನಡುವೆ ಓಡಾಡಿಕೊಂಡಿರುವಷ್ಟು ದಿನ, ಆಕಾಶ ಇನ್ನೂ ತನ್ನ ಎತ್ತರದಲ್ಲೇ ಇದೆಯೆಂದು ನಾನು ನಂಬುತ್ತೇನೆ.