ದರ್ಜಿ ಅಂಗಡಿಯ ದೀವಿಹಲಸು

"ಬೀಜವೇ ಇಲ್ಲದ ಮರಕ್ಕೆ ಮಕ್ಕಳು ಎಲ್ಲಿಂದ ಬರ್ಬೇಕು?"

ಹಿತ್ತಲಲ್ಲಿ ಅಡ್ಡಬಿದ್ದ ದೀವಿಹಲಸಿನ ಮುಂದೆ ನಿಂತು ದೊಡ್ಡಮ್ಮ ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ಹಿಂದಿನ ದಿನದ ಕಡಲಗಾಳಿ ಮರವನ್ನು ಬುಡಸಮೇತ ಕೆಡವಿತ್ತು. ಅಗಲವಾದ ಸೀಳೆಲೆಗಳು ಇನ್ನೂ ಹಸಿರಾಗಿಯೇ ಇದ್ದವು. ಮರ ಸತ್ತ ಸುದ್ದಿ ಅವಕ್ಕೆ ತಲುಪಿರಲಿಲ್ಲ.

ಅದು ಸಸಿಯಾಗಿದ್ದಾಗ ಅವಳ ಅತ್ತೆ ಪಕ್ಕದ ದ್ವೀಪದಿಂದ ಒದ್ದೆ ಗೋಣಿಯಲ್ಲಿ ಸುತ್ತಿ, ದೋಣಿಯಲ್ಲಿ ಮಡಿಲ ಮೇಲಿಟ್ಟುಕೊಂಡು ತಂದಿದ್ದಳು. ಮೀನು ಸಿಗದ ತಿಂಗಳುಗಳಲ್ಲಿ ಮನೆಯ ಹೊಟ್ಟೆ ತುಂಬಿಸಿದ್ದು ಅದರ ಕಾಯಿ. ಇಡಿಯಾಗಿ ಕೆಂಡದ ಮೇಲಿಟ್ಟು, ಕರಿಕಾದ ಸಿಪ್ಪೆ ಸುಲಿದರೆ ಒಳಗೆ ಬೆಣ್ಣೆಯಂಥ ತಿರುಳು. ಅದರ ಹಾಲಂಥ ಅಂಟಿನಿಂದ ದೊಡ್ಡಮ್ಮನ ಗಂಡ ದೋಣಿಯ ಬಿರುಕು ಮುಚ್ಚುತ್ತಿದ್ದ. ಊರಲ್ಲಿ ಬೇರೆ ದೀವಿಹಲಸುಗಳಿದ್ದವು, ನಿಜ. ಎರಡು ಫಸಲಿನ ನಡುವಿನ ಖಾಲಿ ದಿನಗಳಲ್ಲೂ ಕೈಬಿಡದೆ ಕಾಯಿ ಕೊಡುತ್ತಿದ್ದುದು ಇದೊಂದೇ.

"ಬೇರಿಂದ್ಲೇ ಅಲ್ವಾ ಅತ್ತೆ ಇದರ ಸಂತಾನ? ಬೇರು ಇದೆಯಲ್ಲ" ಎಂದಳು ಸೊಸೆ.

ಇಬ್ಬರೂ ಹೆಬ್ಬೆರಳು ದಪ್ಪದ ಬೇರುಗಳನ್ನು ಗೇಣುದ್ದ ಕತ್ತರಿಸಿ, ಒಡಕು ಕುಂಡಗಳ ಮರಳಿನಲ್ಲಿ ಮಲಗಿಸಿದರು. ಬೆಳಗಿನ ಪ್ರಾರ್ಥನೆ ಮುಗಿಸಿ ದೊಡ್ಡಮ್ಮ ನೀರು ಹಾಕುವಳು. ಊಟವಾದ ಮೇಲೆ ಹಾಕುವಳು. ಸುಮ್ಮನೆ ಆ ಕಡೆ ಹಾದುಹೋದರೂ ಒಂದು ಚೊಂಬು ಹಾಕುವಳು.

"ಅತ್ತೆ, ಅವಕ್ಕೆ ಈಜು ಬರಲ್ಲ."

"ಬಾಯಾರಿಕೆ ಅಂತ ಅವು ಬಾಯಿಬಿಟ್ಟು ಹೇಳ್ತಾವೇನೇ?"

ಕೊನೆಗೊಂದು ದಿನ ಕೆದಕಿ ನೋಡಿದರೆ ಎಲ್ಲವೂ ಕೊಳೆತು ಮೆತ್ತಗಾಗಿದ್ದವು. ಹಿತ್ತಲಲ್ಲಿ ಉಳಿದಿದ್ದ ಬೇರುಗಳು ಅಷ್ಟರಲ್ಲಿ ಒಣಗಿ ಕಟ್ಟಿಗೆಯಾಗಿದ್ದವು. ದೊಡ್ಡಮ್ಮ ಕುಂಡಗಳನ್ನು ಒಂದೊಂದಾಗಿ ಬೋರಲು ಹಾಕಿದಳು. ಆ ದಿನ ಅವಳ ಬಾಯಿಂದ ಪ್ರಾರ್ಥನೆಯ ಸಾಲೂ ಹೊರಡಲಿಲ್ಲ.

ಹಿತ್ತಲ ಗೋಡೆಯಾಚೆಯ ಅಂಗಡಿಯಿಂದ ದರ್ಜಿಯ ಕೂಗು ಬಂದದ್ದು ಆ ವಾರವೇ.

"ದೊಡ್ಡಮ್ಮಾ! ಬನ್ನಿ ಇಲ್ಲಿ. ನಿಮ್ಮ ಮರ ಸತ್ತ ಮೇಲೂ ನನ್ನ ಬೆನ್ನು ಬಿಟ್ಟಿಲ್ಲ!"

ದರ್ಜಿಗೂ ಆ ಮರಕ್ಕೂ ಎಣ್ಣೆ ಸೀಗೆಕಾಯಿ. ಒಣಹಾಕಿದ ಬಟ್ಟೆಯ ಮೇಲೆ ಅಂಟು ಸುರಿಸುತ್ತದೆ, ಎಲೆ ಉದುರಿಸಿ ಚರಂಡಿ ತುಂಬಿಸುತ್ತದೆ ಎಂದು ಅವನು ಬೈಯದ ದಿನವಿರಲಿಲ್ಲ. ಬೇರು ಅಂಗಡಿಯ ನೆಲ ಎತ್ತಿ ಹೊಲಿಗೆ ಮಶೀನು ಕುಣಿಯತೊಡಗಿದಾಗ, ನೆಲ ಅಗೆದು ಬೇರಿಗೆ ಮಚ್ಚಿನೇಟು ಹಾಕಿ, ಮೇಲೆ ಹಲಗೆ ಮುಚ್ಚಿದ್ದ.

ಬೈಗುಳಕ್ಕೆ ಸಿದ್ಧಳಾಗಿಯೇ ದೊಡ್ಡಮ್ಮ ಸೊಸೆಯೊಂದಿಗೆ ಒಳಗೆ ಕಾಲಿಟ್ಟಳು. ಮಶೀನು ಬಾಗಿಲ ಬಳಿಗೆ ಸರಿದಿತ್ತು. ಅದು ಇದ್ದ ಜಾಗದಲ್ಲಿ, ಕಿಟಕಿಯ ಬೆಳಕಿನಡಿ, ಹಲಗೆಯ ಸಂದಿನಿಂದ ಎಳೆಯ ಚಿಗುರೊಂದು ಎದ್ದು ನಿಂತಿತ್ತು. ಮಚ್ಚಿನ ಗಾಯದಿಂದಲೇ ಹುಟ್ಟಿದ್ದು. ಮುರುಕು ಅಳತೆಕೋಲನ್ನು ನೆಟ್ಟು, ಬಟ್ಟೆಯಂಚಿನಿಂದ ಯಾರೋ ಮೆತ್ತಗೆ ಕಟ್ಟಿದ್ದರು. ಅಂಗಡಿಯಲ್ಲಿ ದರ್ಜಿಯ ಹೊರತು ಯಾರೂ ಇರಲಿಲ್ಲ.

ದೊಡ್ಡಮ್ಮ ನೆಲದ ಮೇಲೆ ಕುಳಿತು ಎರಡೂ ಕೈ ಜೋಡಿಸಿದಳು.

"ಅಗೆದು ಕೊಡಪ್ಪ. ಹಿತ್ತಲಿಗೆ ಒಯ್ತೀನಿ."

"ಈಗ ಅಗೆದ್ರೆ ಸಾಯುತ್ತೆ. ಈ ಮೂಲೆ ಗೋಡೆ ಒಡೆದು ಅದನ್ನ ಹೊರಗೆ ಬಿಟ್ಟು, ಗೋಡೆನ ಒಳಗೆ ಸರಿಸಿ ಕಟ್ಕೋತೀನಿ."

"ಅಂಗಡಿ ಚಿಕ್ಕದಾಗಲ್ವಾ ಅಣ್ಣಾ?" ಎಂದಳು ಸೊಸೆ.

"ಬಟ್ಟೆ ಕಮ್ಮಿ ಬಿದ್ರೆ ಹೊಂದಿಸಿ ಹೊಲಿಯೋದು ನನ್ನ ಕೆಲಸ ತಾನೇ ತಂಗೀ? ಕಾಯಿ ನಿಮಗೇ. ಎಲೆ ಬಿದ್ರೆ ಬೈಗುಳಾನೂ ನಿಮಗೇ."

ದೊಡ್ಡಮ್ಮ ಕಣ್ಣೊರೆಸಿಕೊಂಡು ಮೂಲೆಯಲ್ಲಿದ್ದ ಚೊಂಬಿನತ್ತ ಕೈಚಾಚಿದಳು.

"ನೀರು ಹಾಕೋ ಕೆಲಸಾನಾದ್ರೂ ನನಗೆ ಕೊಡೋ."

ದರ್ಜಿ ಚೊಂಬನ್ನು ಎತ್ತಿ ಬೆನ್ನ ಹಿಂದೆ ಹಿಡಿದ.

"ಅದೊಂದು ಮಾತ್ರ ಆಗಲ್ಲ, ದೊಡ್ಡಮ್ಮ."