ಅಧ್ಯಕ್ಷರ ಶೋಕೇಸಿನ ಹುಳ

ಸಂಘಮಿತ್ರಾಳಿಗೆ ಸಿಟ್ಟು ಬಂದರೆ ಮಾತು ಬರುವುದಿಲ್ಲ, ಕಿವಿ ಕೆಂಪಾಗುತ್ತವೆ. ಸಿಂಧನೂರಿನ ಆ ಖಾಸಗಿ ಕಾಲೇಜಿಗೆ ಪ್ರಾಣಿಶಾಸ್ತ್ರ ಕಲಿಸಲು ಸೇರಿದ ಮೇಲೆ ಅವಳ ಕಿವಿ ತಣ್ಣಗಿದ್ದುದನ್ನು ಕಂಡವರು ಕಡಿಮೆ.

ಸಂದರ್ಶನದ ದಿನವೇ ಅದು ಶುರುವಾಗಿತ್ತು. ಕಾಲೇಜಿನ ಅಧ್ಯಕ್ಷ ಹನುಮಂತರಾಯ, ಸಿಂಧನೂರಲ್ಲಿ ಅಕ್ಕಿ ಗಿರಣಿ, ಲಿಂಗಸುಗೂರಲ್ಲಿ ಪೆಟ್ರೋಲ್ ಬಂಕು ಇಟ್ಟುಕೊಂಡ ದೊಡ್ಡ ಕುಳ. ಅವಳ ಅಂಕಪಟ್ಟಿಗಳನ್ನು ಪಕ್ಕಕ್ಕೆ ಸರಿಸಿ ಯಾವ ಊರು ಎಂದು ಕೇಳಿದ. ವಳಕಮದಿನ್ನಿ ಎಂದಳು. ಅಪ್ಪನ ಹೆಸರು ಕೇಳಿದ. ಲಾಲಪ್ಪ, ಬಸ್ ಕಂಡಕ್ಟರ್ ಆಗಿದ್ದರು ಎಂದಳು. ಊರಲ್ಲಿ ಮನೆ ಯಾವ ಕಡೆ ಎಂದು ಕೇಳಿದ. ಅದನ್ನೂ ಹೇಳಿದಳು. ಆಗ ಎಲ್ಲ ತಿಳಿದವನಂತೆ ತಲೆಯಾಡಿಸಿ ಕುರ್ಚಿಗೆ ಒರಗಿದ.

ಒಂದು ಕಣಜದ ಹುಳ ಯಾವ ಗುಂಪಿನದು ಎಂದು ಹೇಳಬೇಕಾದರೆ ಸಂಘಮಿತ್ರಾ ಅದರ ರೆಕ್ಕೆಯ ನರ, ಮೀಸೆಯ ಗಂಟು, ಹೊಟ್ಟೆಯ ಗೆರೆಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ವಾರಗಟ್ಟಲೆ ನೋಡುತ್ತಾಳೆ. ಆಮೇಲೂ ಅನುಮಾನವಿದ್ದರೆ ಹೆಸರಿನ ಮುಂದೆ ಒಂದು ಪ್ರಶ್ನೆಚಿಹ್ನೆ ಹಾಕುತ್ತಾಳೆ. ಈ ಮನುಷ್ಯನಿಗೆ ಮಸೂರವೂ ಬೇಡ, ಅನುಮಾನವೂ ಬೇಡ. ಊರಿನ ಯಾವ ಮೂಲೆ ಎಂದು ಗೊತ್ತಾದರೆ ಅವನ ವರ್ಗೀಕರಣ ಮುಗಿಯಿತು. ಅಷ್ಟು ಓದಿದವರು ಆ ಸಂಬಳಕ್ಕೆ ಬೇರೆ ಯಾರೂ ಬರಲಿಲ್ಲವೆಂದು ಕೆಲಸ ಮಾತ್ರ ಕೊಟ್ಟ.

ಅವಳಿಗೆ ಒಂದು ಹೊಸ ಕಣಜ ಸಿಕ್ಕದ್ದು ಮುಂಗಾರು ಬೆಳೆಯ ಹೊತ್ತಿನಲ್ಲಿ, ವಳಕಮದಿನ್ನಿಯ ಅವರದೇ ಗದ್ದೆಯ ಬದುವಿನಲ್ಲಿ. ಅವ್ವ ಮುದುಕಮ್ಮ ಕಳೆ ಕೀಳುತ್ತಿದ್ದಳು, ಮಗಳು ಬದುವಿನ ಹುಲ್ಲಿನ ಮೇಲೆ ಬಲೆ ಬೀಸುತ್ತಿದ್ದಳು. ತುರ್ವಿಹಾಳ, ಆರ್.ಎಚ್. ಕ್ಯಾಂಪು ಎಂದು ಕಾಲುವೆಯುದ್ದಕ್ಕೂ ಬಲೆ ಹಿಡಿದು ತಿರುಗಿದವಳಿಗೆ ಅದು ತವರಿನ ಬದುವಿನಲ್ಲೇ ಕಾದು ಕುಳಿತಿತ್ತು. ಎಳ್ಳುಕಾಳಿನಷ್ಟು ಚಿಕ್ಕ ಕಪ್ಪು ಕಣಜ, ಭತ್ತದ ರಸ ಹೀರುವ ತಿಗಣೆಯ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುವ ಜಾತಿಯದು. ಚೂಪಾಗಿ ಕತ್ತರಿಸಿದ ರಟ್ಟಿನ ತುದಿಗೆ ಅಂಟಿಸಿ, ರಟ್ಟಿಗೆ ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿಟ್ಟಳು. ಅವಳು ಕಳಿಸಿದ ಚಿತ್ರ ನೋಡಿದ ಬೆಂಗಳೂರಿನ ತಜ್ಞರು, ಇದು ಇದುವರೆಗೆ ಯಾರೂ ಹೆಸರಿಸದ ಪ್ರಭೇದದಂತೆ ಕಾಣುತ್ತದೆ, ಹುಳವನ್ನು ಸಂಗ್ರಹಾಲಯಕ್ಕೆ ಕಳಿಸಿ, ವಿವರಣೆ ಬರೆಯಿರಿ ಎಂದರು.

ಜೀವಿಗಳ ವೈಜ್ಞಾನಿಕ ಹೆಸರಿಗೆ ಎರಡು ಭಾಗ. ಮೊದಲನೆಯದು ಕುಲದ್ದು, ಎರಡನೆಯದು ಆ ಪ್ರಭೇದದ ಸ್ವಂತದ್ದು. ಮೊದಲು ವಿವರಿಸಿ ಪ್ರಕಟಿಸಿದವರು ಇಟ್ಟದ್ದೇ ಹೆಸರು, ಆಮೇಲೆ ರಾಜ ಬಂದು ಹೇಳಿದರೂ ಬದಲಾಗದು. ಆದರೆ ಆ ಹೆಸರಿಗೆ ಸಾಕ್ಷಿಯಾಗಿ ಅದೇ ಹುಳ ಸಂಗ್ರಹಾಲಯದಲ್ಲಿ ಇರಬೇಕು. ಹುಳವಿಲ್ಲದೆ ಹೆಸರಿಟ್ಟರೆ ಅದಕ್ಕೆ ನಿಲ್ಲಲು ಕಾಲಿಲ್ಲ. ಸಂಘಮಿತ್ರಾಳ ಹತ್ತಿರ ಇದ್ದದ್ದು ಒಂದೇ ಒಂದು ಕಣಜ.

ಹೆಸರನ್ನು ಅವಳು ಅಂದೇ ನಿಶ್ಚಯಿಸಿದ್ದಳು. ಸ್ವಂತದ ತುಂಡು ಗದ್ದೆ ಮಾಡಿಕೊಳ್ಳುವ ಮುಂಚೆ ಅವ್ವ ಅರ್ಧ ಆಯುಷ್ಯವನ್ನು ಕಂಡವರ ಗದ್ದೆಗಳಲ್ಲಿ ಬಗ್ಗಿ ಕಳೆದಿದ್ದಳು. ಸಾಲಿನಲ್ಲಿ ಬಗ್ಗಿದ ಬೆನ್ನಿಗೆ ಹೆಸರು ಕೇಳುವ ರೂಢಿ ಯಾವ ಸಾಹುಕಾರನಿಗೂ ಇಲ್ಲ. ಈ ಕಣಜಕ್ಕೆ ಮುದುಕಮ್ಮನ ಹೆಸರು ಬಿದ್ದರೆ ಜಗತ್ತಿನ ಯಾವ ಮೂಲೆಯವನಾದರೂ ಅದನ್ನು ಬಾಯ್ತುಂಬ ಹೇಳಲೇಬೇಕು. ಈ ಮಾತು ಕೇಳಿ ಮುದುಕಮ್ಮ ನಕ್ಕುಬಿಟ್ಟಳು.

"ಹುಳಕ್ಕ್ಯಾಕಬೇ ನನ್ನ ಹೆಸರು? ಆ ಕರಿ ಆಡಿನ ಮರಿಗಿಡು, ಕರದ್ರ ಓಡಿನಾರ ಬರತೈತಿ."

ಸಂಗ್ರಹಾಲಯಕ್ಕೆ ಕಳಿಸಲು ಕಾಲೇಜಿನ ಒಪ್ಪಿಗೆ ಬೇಕಿತ್ತು. ಕೇಳಲು ಹೋದದ್ದೇ ತಪ್ಪಾಯಿತು. ಹೊಸ ಹುಳ, ಜಗತ್ತಿನಲ್ಲೇ ಮೊದಲು, ಶಾಶ್ವತ ಹೆಸರು ಎಂದೆಲ್ಲ ಕೇಳುತ್ತಿದ್ದಂತೆ ಹನುಮಂತರಾಯನ ಕಣ್ಣು ಅರಳಿದವು. ತೀರಿಹೋದ ತನ್ನ ಅಪ್ಪ ದ್ಯಾವಪ್ಪ ಸಾಹುಕಾರರ ಹೆಸರೇ ಇಡಬೇಕು ಎಂದ. ಪೆಟ್ಟಿಗೆ ತೆರೆಸಿ ನೋಡಿದಾಗ ಮಾತ್ರ ಮುಖ ಸಪ್ಪಗಾಯಿತು.

"ಇಷ್ಟು ಸಣ್ಣದೇನ್ರಿ? ನಮ್ಮಪ್ಪನ ಹೆಸರಿಗೆ ಒಂದೀಟು ದೊಡ್ಡದು ಸಿಗಾಂಗಿಲ್ಲೇನು?"

ಅವಳು ತನ್ನ ನಿಶ್ಚಯ ಹೇಳಿದಳು. ಅವನು ಅದನ್ನು ಮಕ್ಕಳ ಮಾತಿನಂತೆ ಕೇಳಿ ನಕ್ಕು, ಮುದುಕಮ್ಮ ಎಂದು ಹೆಸರಿಟ್ಟರೆ ಹುಳಕ್ಕೂ ಮರ್ಯಾದೆ ಇರುವುದಿಲ್ಲ ಎಂದ. ಅವಳ ಕಿವಿ ಕೆಂಪಾದವು, ನಾಲಿಗೆ ಏಳಲಿಲ್ಲ. ಆ ಮೌನವನ್ನೇ ಅವನು ಒಪ್ಪಿಗೆ ಎಂದುಕೊಂಡ. ತಿಂಗಳೊಳಗೆ ಕಾಲೇಜಿನ ಮುಂದೆ ದ್ಯಾವಪ್ಪನ ಹೆಸರಿನ ಹುಳದ ಬ್ಯಾನರು ಎದ್ದಿತು. ಕೂಸು ಹುಟ್ಟುವ ಮುಂಚೆ ಕುಲಾವಿ. ಮಸ್ಕಿಯಿಂದ, ಲಿಂಗಸುಗೂರಿನಿಂದ ಗಣ್ಯರು ಬಂದು ಶಾಲು ಹೊದ್ದು ಉಪ್ಪಿಟ್ಟು ತಿಂದು ಹೋದರು. ಕಣಜದ ಪೆಟ್ಟಿಗೆ ಅಧ್ಯಕ್ಷರ ಕೋಣೆಯ ಗಾಜಿನ ಶೋಕೇಸಿನಲ್ಲಿ, ಮಾಲೆ ಹಾಕಿದ ದ್ಯಾವಪ್ಪನ ಫೋಟೋದ ಪಕ್ಕ ಕುಳಿತಿತು. ಬೀಗದ ಕೈ ಹನುಮಂತರಾಯನ ಜೇಬು ಸೇರಿತು.

ಆಮೇಲೆ ಅವಳು ಕೇಳಿದಾಗಲೆಲ್ಲ ಒಂದೇ ಉತ್ತರ. ಮುಂದಿನ ಮುಂಗಾರಿಗೆ ಕಾಲೇಜು ನೋಡಲು ತಪಾಸಣಾ ಸಮಿತಿ ಬರುತ್ತದೆ, ಅವರಿಗೆ ತೋರಿಸಿ ಆಮೇಲೆ ಕಳಿಸೋಣ. ಹೆಸರಿಲ್ಲದ ಹುಳಕ್ಕೆ ಹಾರ ಹಾಕಿ ಕೂರಿಸಿದ ಈ ಮನುಷ್ಯನಿಗೆ, ಅದು ಸಂಗ್ರಹಾಲಯ ಸೇರದೆ ಹೆಸರು ನಿಲ್ಲದು ಎಂದು ಹೇಗೆ ಹೇಳುವುದು? ಹೇಳಿದರೂ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಅವಳು ವಿವರಣೆ ಬರೆದು ಮುಗಿಸಿದಳು, ರೆಕ್ಕೆಯ ಚಿತ್ರ ಬರೆದಳು, ಮುದುಕಮ್ಮನ ಹೆಸರನ್ನು ಅದರ ತಲೆಯ ಮೇಲೆ ಬರೆದಿಟ್ಟುಕೊಂಡಳು. ಇನ್ನು ಸಾಕ್ಷಿಯ ಆ ಹುಳ ಕೈಗೆ ಬಂದರೆ ಆಯಿತು.

ಸಮಿತಿ ಬರುವ ವಾರ ಅವಳು ಕಾಲೇಜಿನ ಶೌಚಾಲಯಕ್ಕೆ ಹೋದಾಗ ಕೈತೊಳೆಯುವ ಬೋಗುಣಿಯಲ್ಲಿ ಒಂದು ಬಟ್ಟೆಯ ಗಂಟು ಬಿದ್ದಿತ್ತು. ಅವ್ವನ ಹಳೆಯ ಸೀರೆಯ ಅಂಚು. ಹುಳದ ಪೆಟ್ಟಿಗೆಗಳಿಗೆ ಬೇರೆ ಕೀಟ ಹೊಕ್ಕು ತಿನ್ನದಂತೆ ಕಾವಲಾಗಿ ಅವಳೇ ನುಸಿಗುಳಿಗೆಗಳನ್ನು ಆ ಬಟ್ಟೆಯಲ್ಲಿ ಕಟ್ಟಿ ಮೂಲೆಯಲ್ಲಿ ಇಡುತ್ತಿದ್ದಳು. ಗಂಟನ್ನು ಎತ್ತಿಕೊಂಡು ಜವಾನನನ್ನು ಹುಡುಕಿ ಹೋದಳು.

ಜವಾನ ಬಂದೇಸಾಬ ಮುಚ್ಚಿಡಲಿಲ್ಲ. ಅಧ್ಯಕ್ಷರ ಕೋಣೆಗೆ ಬಂದ ಬೀಗರು ಇಲ್ಲಿ ಸಂಡಾಸಿನ ವಾಸನೆ ಬರುತ್ತದೆ ಎಂದರಂತೆ. ಅದು ಸಂಡಾಸಿಗೆ ಹಾಕುವ ಗುಳಿಗೆ, ಅಲ್ಲೇ ಹಾಕು ಎಂದು ಸಾಹೇಬರು ಶೋಕೇಸು ತೆಗೆದು ಗಂಟನ್ನು ಕೊಟ್ಟರಂತೆ. ಯಾವಾಗ ಎಂದು ಕೇಳಿದಳು. ಬ್ಯಾಸಗಿಗೂ ಮುಂಚೆ ಎಂದ. ಒಂದೆರಡು ಗುಳಿಗೆಯನ್ನು ಮಾತ್ರ ಆಗ ಹಾಕಿ, ಗಂಟನ್ನು ತೆಗೆದಿಟ್ಟು, ಈಗ ಸಮಿತಿಗಾಗಿ ಹೊರತೆಗೆದಿದ್ದ.

ಅವಳು ಅಧ್ಯಕ್ಷರ ಕೋಣೆಗೆ ಓಡಿದಳು. ಬೀಗ ತೆಗೆಯಿರಿ ಎಂಬ ಒಂದು ಮಾತು ಹೇಗೋ ಬಾಯಿಂದ ಹೊರಟಿತು. ರಟ್ಟಿನ ತುದಿಯಲ್ಲಿ ಕಣಜ ಇರಲಿಲ್ಲ. ಕೆಳಗೆ ಒಂದು ಚಿಟಿಕೆ ಕಂದು ಪುಡಿ, ಅದರಲ್ಲಿ ಮುರಿದ ಒಂದು ಕಾಲು. ಮೂಲೆಯಲ್ಲಿ ಒಣಗಿದ ಹುಳಗಳನ್ನೇ ತಿಂದು ಬದುಕುವ ಚುಕ್ಕೆಚುಕ್ಕೆಯ ದುಂಡು ಜೀರುಂಡೆಯೊಂದು ತಣ್ಣಗೆ ನಡೆದಾಡುತ್ತಿತ್ತು. ಅದೂ ಎಳ್ಳುಕಾಳಿನಷ್ಟೇ ಇತ್ತು.

ಹನುಮಂತರಾಯ ಬಗ್ಗಿ ನೋಡಿದ. ಅವನಿಗೆ ಹೋದದ್ದೇನೂ ಕಾಣಲಿಲ್ಲ.

"ಅದಕ್ಯಾಕ ಅಳ್ತೀರಿ? ಇನ್ನೊಂದು ಹಿಡಕೊಂಡು ಬರ್ರಿ. ಹುಳಕ್ಕೇನು ಬರಗಾಲ ಬಂದೈತೇನು? ಸದ್ಯಕ್ಕ ಯಾವುದಾರ ಒಂದು ಅಂಟಿಸಿ ಇಡ್ರಿ. ಯಾರಿಗೆ ಗೊತ್ತಾಕ್ಕತಿ?"

ಅವಳು ಅಳುತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂದದ್ದು ಸಿಟ್ಟಿಗೆ. ಕಪಾಳಕ್ಕೆ ಹೊಡೆಯಬೇಕು ಎನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಅವಳಿಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಆ ಜೀರುಂಡೆಯನ್ನು ಶೀಶೆಗೆ ಹಾಕಿಕೊಂಡು ಪ್ರಯೋಗಾಲಯಕ್ಕೆ ಬಂದಳು. ಇದಕ್ಕಾದರೂ ಹನುಮಂತರಾಯನ ಹೆಸರಿಡೋಣವೆಂದರೆ ಅದಕ್ಕೂ ದಾರಿ ಇರಲಿಲ್ಲ. ಅದು ಲೋಕವೆಲ್ಲ ಬಲ್ಲ ಹಳೆಯ ಕಳ್ಳ, ಯಾವುದೋ ಕಾಲದಲ್ಲಿ ಯಾರೋ ಹೆಸರಿಟ್ಟು ಹೋಗಿದ್ದರು. ಸರಿ, ಹೆಸರಿಡಲಾಗದಿದ್ದರೆ ಚೀಟಿ ಬರೆಯಬಹುದಲ್ಲ. ಹಿಡಿದ ಪ್ರತಿ ಹುಳಕ್ಕೂ ಎಲ್ಲಿ, ಯಾವಾಗ, ಯಾರು, ಏನು ತಿನ್ನುತ್ತಿತ್ತು ಎಂದು ಬರೆಯುವುದು ಅವಳ ವಿದ್ಯೆಯ ಮೊದಲ ಪಾಠ. ಜೀರುಂಡೆಯನ್ನು ಅದೇ ರಟ್ಟಿನ ತುದಿಗೆ ಅಂಟಿಸಿ, ದಪ್ಪ ಅಕ್ಷರದಲ್ಲಿ ಚೀಟಿ ಬರೆದು, ಪೆಟ್ಟಿಗೆಯನ್ನು ಶೋಕೇಸಿನಲ್ಲಿ ಇಟ್ಟಳು. ಹನುಮಂತರಾಯ ಅತ್ತ ಕಣ್ಣೂ ಹಾಯಿಸದೆ ಬೀಗ ಹಾಕಿದ.

ಸಮಿತಿಯವರು ಬಂದರು. ಹನುಮಂತರಾಯ ಶೋಕೇಸು ತೆಗೆದು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ತೋರಿಸಿದ. ಸಮಿತಿಯ ಹಿರಿಯರು ಮಸೂರ ಹಿಡಿದು ಇಣುಕಿ, ಅದ್ಭುತ ಎಂದರು. ಇನ್ನೊಬ್ಬರು ಫೋಟೋ ತೆಗೆದರು. ನಿಮ್ಮ ತಂದೆಯವರ ಹೆಸರು ಅಮರವಾಯಿತು ಎಂದು ಮೂರನೆಯವರು ಕೈಕುಲುಕಿದರು. ಚೀಟಿ ಅವರ ಮೂಗಿನ ಕೆಳಗೇ ಇತ್ತು. ಒಬ್ಬನಾದರೂ ಓದಲಿಲ್ಲ. ಯಾರಿಗೆ ಗೊತ್ತಾಗುತ್ತದೆ ಎಂದಿದ್ದ ಹನುಮಂತರಾಯ, ಅವನ ಮಾತೇ ನಿಜವಾಯಿತು.

ಸಂಘಮಿತ್ರಾ ಮುಂದೆ ಬಂದು ಪೆಟ್ಟಿಗೆಯನ್ನು ಅವನ ಕೈಯಿಂದ ತೆಗೆದುಕೊಂಡಳು. ಕಿವಿ ಉರಿಯುತ್ತಿದ್ದವು. ಆದರೆ ಈಗ ಮಾತು ಹುಡುಕುವ ಕೆಲಸವಿರಲಿಲ್ಲ, ಬರೆದದ್ದನ್ನು ಓದಿದರೆ ಸಾಕಿತ್ತು. ಪಾಠ ಮಾಡುವ ದನಿಯಲ್ಲಿ ಓದಿದಳು.

"ಚರ್ಮ ಕೊರೆಯುವ ಜಾತಿಯ ಜೀರುಂಡೆ. ಹೊಸದಲ್ಲ, ಎಲ್ಲ ಕಡೆಯೂ ಇದೆ. ಸಿಕ್ಕಿದ ಸ್ಥಳ: ಅಧ್ಯಕ್ಷರ ಶೋಕೇಸು, ಸಿಂಧನೂರು. ಆಹಾರ: ವಳಕಮದಿನ್ನಿಯ ಕಣಜ, ಹೆಸರಿಡುವುದಕ್ಕೆ ಮೊದಲೇ. ಹಿಡಿದವರು: ಮುದುಕಮ್ಮನ ಮಗಳು ಸಂಘಮಿತ್ರಾ."

ಮಸೂರ ಹಿಡಿದಿದ್ದ ಹಿರಿಯರು ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಹನುಮಂತರಾಯ ಹಲ್ಲು ಕಿರಿದು, ಮೇಡಂ ತಮಾಷೆ ಮಾಡುತ್ತಾರೆ ಎಂದ. ಆಮೇಲೆ ಹಿರಿಯರ ಕಿವಿಗೆ ಬಗ್ಗಿ, ಈ ಹುಡುಗಿಯ ಮನೆ ಊರಿನ ಯಾವ ಕಡೆಯದು ಎಂದು ಹೇಳಲು ಶುರುಮಾಡಿದ. ಅವಳಿಗೆ ಅದು ಕೇಳಿಸಿತು. ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ನಡೆದಳು. ಮರುದಿನ ಬರಬೇಡಿ ಎಂದು ಫೋನು ಬಂತು. ಹೋಗುವವರು ಯಾರಿದ್ದರು?

ವಳಕಮದಿನ್ನಿಯಲ್ಲಿ ಭತ್ತ ಮೊಣಕಾಲೆತ್ತರ ಬಂದಿತ್ತು. ಅದೇ ಬದುವಿನ ಮೇಲೆ ಅವಳು ಬಲೆ ಬೀಸಿದಳು. ಬೀಸಿದ್ದು ಹುಲ್ಲಿನ ಮೇಲೋ ಹನುಮಂತರಾಯನ ಮುಖದ ಮೇಲೋ ಅವಳಿಗೇ ತಿಳಿಯದು. ಬಲೆಯಲ್ಲಿ ನೊಣ ಬಂತು, ಮಿಡತೆ ಬಂತು, ಜೇಡ ಬಂತು. ಕಣಜ ಬರಲಿಲ್ಲ. ಸಾಲಿನಲ್ಲಿ ಬಗ್ಗಿದ್ದ ಮುದುಕಮ್ಮ ಬೆನ್ನು ನೆಟ್ಟಗೆ ಮಾಡಿ ಮಗಳತ್ತ ತಿರುಗಿದಳು.

"ಸಿಟ್ಟಿಲೆ ಬೀಸಬ್ಯಾಡಬೇ, ಪೈರು ಹರೀತೈತಿ. ಅದೂ ಹೆದರಿ ಓಡತೈತಿ. ಮೆಲ್ಲಕ ಬೀಸು, ನನ್ನ ಹೆಸರಿಂದೈತಿ ಅಂದ್ರ ಎಲ್ಲಿ ಹೋದೀತು?"

ಸಂಘಮಿತ್ರಾ ಕೈ ಮೆಲ್ಲಗೆ ಮಾಡಿದಳು. ಸಿಟ್ಟು ಮಾತ್ರ ಇದ್ದಲ್ಲೇ ಇತ್ತು. ಅದನ್ನು ಇಳಿಸು ಎಂದು ಅವ್ವನೂ ಹೇಳಲಿಲ್ಲ.